ನಾಲ್ಕು ಬಾಟ್ಲಿ, ನಾಲ್ಕು ಬಡಿತ

ಗ್ರೀಸಪ್ಪನ ಪಜೀತಿಗೆಲ್ಲ ಮೂಲ ಶುಕ್ರವಾರ ಮಧ್ಯಾಹ್ನ ಅವನ ಬಾಯಿಂದ ಜಾರಿದ ಒಂದೇ ಒಂದು ಮಾತು: "ವೈನಾ? ಅದನ್ನ ನನ್ನ ಕೇಳಿ ಸಾರ್."

ಯಾರೂ ಕೇಳಿರಲಿಲ್ಲ. ಲಿಫ್ಟ್ ರಿಪೇರಿ ಕಂಪನಿಯ ಸಾಹೇಬರು ತಮ್ಮ ಪಾಡಿಗೆ ತಾವು ಗೋಳು ಹೇಳಿಕೊಳ್ಳುತ್ತಿದ್ದರು, ಅಷ್ಟೇ. ಯಾವ ಕಟ್ಟಡದ ಲಿಫ್ಟ್ ಕೆಟ್ಟರೂ ಕಚೇರಿಯಲ್ಲಿ ಕೂತಲ್ಲೇ ಪತ್ತೆ ಹಚ್ಚುವ ಹೊಸ ಯಂತ್ರವೊಂದು ಫ್ರಾನ್ಸಿನಿಂದ ಬರಲಿತ್ತು. ಅದನ್ನು ಕಲಿತು ಬರಲು ಒಬ್ಬರನ್ನು ಮೂರು ತಿಂಗಳು ಅಲ್ಲಿಗೆ ಕಳಿಸಬೇಕಿತ್ತು. ಆದರೆ ಹಿಂದೊಮ್ಮೆ ಕಳಿಸಿದ್ದ ಪುಣ್ಯಾತ್ಮನ ಕತೆ ಸಾಹೇಬರಿಗೆ ಇನ್ನೂ ಮರೆತಿರಲಿಲ್ಲ. ಅಲ್ಲಿನ ಯಜಮಾನರು ಇಪ್ಪತ್ತು ವರ್ಷ ಜೋಪಾನ ಮಾಡಿದ್ದ ವೈನನ್ನು ಊಟದ ಮೇಜಿನ ಮೇಲೆ ಇಟ್ಟರೆ, ಈ ಆಸಾಮಿ ಅದಕ್ಕೆ ಎರಡು ಚಮಚ ಸಕ್ಕರೆ ಹಾಕಿ, ಗರಗರ ಕಲಕಿ, ಮೂಗು ಹಿಡಿದುಕೊಂಡು ಒಂದೇ ಗುಟುಕಿಗೆ ಇಳಿಸಿ, "ಈಗ ಪರವಾಗಿಲ್ಲ" ಎಂದಿದ್ದನಂತೆ. ಯಜಮಾನರು ಮಿಕ್ಕ ವೈನನ್ನು ಎತ್ತಿಕೊಂಡು ಒಳಗೆ ಹೋದರಂತೆ.

"ಈ ಸಲ ಅಲ್ಲಿನ ರೀತಿ ನೀತಿ ಗೊತ್ತಿರೋರನ್ನೇ ಕಳಿಸ್ತೀನಿ," ಎಂದು ಸಾಹೇಬರು ಮೇಜು ಗುದ್ದಿದಾಗ ಗ್ರೀಸಪ್ಪನ ಬಾಯಿ ಜಾರಿದ್ದು. ಜಾರಿದ್ದು ಅಲ್ಲಿಗೇ ನಿಂತಿದ್ದರೆ ಬಚಾವಾಗುತ್ತಿದ್ದ. "ಒಂದು ಗುಟುಕು ಸಾಕು ಸಾರ್, ಎಲ್ಲಿಯ ದ್ರಾಕ್ಷಿ ಅಂತ ಹೇಳಿಬಿಡ್ತೀನಿ," ಎಂದು ಸೇರಿಸಿದ.

"ಹೌದೇನ್ರೀ!" ಸಾಹೇಬರ ಮುಖ ಅರಳಿತು. "ಫ್ರಾನ್ಸಿನೋರು ಅಲ್ಲಿನ ನಾಲ್ಕು ಸೀಮೆಯ ನಾಲ್ಕು ಬಾಟ್ಲಿ ಕಳಿಸಿದ್ದಾರೆ. ಬೋರ್ಡೋ, ಬರ್ಗಂಡಿ, ಬೋಜೊಲೆ, ರೋನ್. ನಾಲ್ಕೂ ಕೆಂಪೇ. ಭಾನುವಾರ ಮೂರು ಗಂಟೆಗೆ ನಿಮ್ಮನೇಲೇ ಸೇರೋಣ. ಸುಮ್ನೆ ಸ್ನೇಹಿತರ ಥರ. ನಾಲ್ಕನ್ನೂ ಸರಿಯಾಗಿ ಹೇಳಿದ್ರೆ ಫ್ರಾನ್ಸಿಗೆ ನೀವು. ತಪ್ಪಿದ್ರೆ ನಮ್ಮ ಮೀಟರ್ ಹೋಗ್ತಾನೆ."

ಮೀಟರ್ ಎಂದರೆ ಕಂಪನಿಯ ಎಲೆಕ್ಟ್ರಿಷಿಯನ್. ಕರೆಂಟ್ ಅಳೆಯುವ ಮೀಟರನ್ನು ಸದಾ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದುದರಿಂದ ಆ ಹೆಸರು. ಗ್ರೀಸಪ್ಪನ ಹೆಸರೂ ಅಂಥದ್ದೇ, ಅಪ್ಪ ಅಮ್ಮ ಇಟ್ಟದ್ದಲ್ಲ. ಹನ್ನೆರಡು ವರ್ಷದಿಂದ ಅವನು ಲಿಫ್ಟಿನ ಕೆಳಗಿನ ಗುಂಡಿಯಲ್ಲಿ ಇಳಿದು ಕೆಲಸ ಮಾಡುವವನು. ಅವನ ಕಾಲರು, ಕಿವಿ, ಊಟದ ಡಬ್ಬಿ ಎಲ್ಲಕ್ಕೂ ಗ್ರೀಸೇ. ಜಗತ್ತನ್ನು ಅವನು ನೋಡಿದ್ದೆಲ್ಲ ಕೆಳಗಿನಿಂದ. ಒಮ್ಮೆ, ಒಂದೇ ಒಂದು ಸಲ, ವಿಮಾನ ಹತ್ತಿ ಎಲ್ಲವನ್ನೂ ಮೇಲಿನಿಂದ ನೋಡಬೇಕೆಂಬ ಆಸೆ ಅವನಿಗೆ ಬಹಳ ವರ್ಷದಿಂದ ಇತ್ತು. ವೈನನ್ನು ಮಾತ್ರ ಅವನು ಜನ್ಮದಲ್ಲಿ ಒಂದೇ ಸಲ ಕುಡಿದಿದ್ದ, ಅದೂ ಕೆಮ್ಮಿನ ಔಷಧಿ ಎಂದುಕೊಂಡು.

ಭಾನುವಾರ ಬೆಳಿಗ್ಗೆ ಅವನು ಹೆಂಡತಿಯ ಮುಂದೆ ತಲೆ ಕೆರೆಯುತ್ತಾ ನಿಂತ. ಅವಳೂ ಅದೇ ಕಂಪನಿಯಲ್ಲಿ ದೂರಿನ ಫೋನ್ ಎತ್ತುವವಳು. ಲಿಫ್ಟಿನಲ್ಲಿ ಸಿಕ್ಕಿಬಿದ್ದವರಿಗೆ ದಿನವಿಡೀ, "ಗಾಬರಿಯಾಗ್ಬೇಡಿ, ನಮ್ಮೋರು ಬಂದೇಬಿಟ್ರು" ಎಂದು ಧೈರ್ಯ ಹೇಳುವವಳು. ಆ 'ನಮ್ಮೋರು' ಆ ಹೊತ್ತಿಗೆ ಎಲ್ಲಿ ಟೀ ಕುಡಿಯುತ್ತಿರುತ್ತಾನೆಂದು ಅವಳಿಗೆ ಚೆನ್ನಾಗಿ ಗೊತ್ತಿರುತ್ತಿತ್ತು.

"ನಿಮಗೆ ವೈನ್ ಬಗ್ಗೆ ಗೊತ್ತು ಅಂತ ಯಾವಾಗಿಂದ?" ಎಂದಳು.

"ಶುಕ್ರವಾರದಿಂದ."

ಅವಳು ಹಣೆ ಚಚ್ಚಿಕೊಂಡಳು. ಗ್ರೀಸಪ್ಪ ಸ್ವರ ತಗ್ಗಿಸಿ ತನ್ನ ಉಪಾಯ ಬಿಚ್ಚಿಟ್ಟ. "ಬಾಟ್ಲಿಗೆ ಕಾಗದ ಸುತ್ತಿ ತರ್ತಾರಂತೆ. ನಾವ್ಯಾರೂ ನೋಡೋ ಹಾಗಿಲ್ಲ. ಅಡುಗೆಮನೇಲಿ ಲೋಟಕ್ಕೆ ಹಾಕೋದು ನೀನೊಬ್ಳೇ. ಕಾಗದ ಸರಿಸಿ ಲೇಬಲ್ ನೋಡು. ಬೋರ್ಡೋ ಆದ್ರೆ ಪಾತ್ರೆಗೆ ಸೌಟಲ್ಲಿ ಒಂದು ಸಲ ಬಡಿ. ಬರ್ಗಂಡಿಗೆ ಎರಡು, ಬೋಜೊಲೆಗೆ ಮೂರು, ರೋನ್‌ಗೆ ನಾಲ್ಕು. ನಾನು ಮಹಡಿ ಲೆಕ್ಕದಲ್ಲಿ ಬಾಯಿಪಾಠ ಮಾಡಿದೀನಿ. ಒಂದನೇ ಮಹಡಿ ಬೋರ್ಡೋ, ಎರಡನೇದು ಬರ್ಗಂಡಿ..."

"ಒಟ್ನಲ್ಲಿ ನನ್ನ ಕೈಲಿ ಮೋಸ ಮಾಡಿಸ್ತೀರಿ."

"ಮೋಸ ಅಲ್ವೇ, ಬರೀ ಸದ್ದು."

"ನಾಲ್ಕಕ್ಕೂ ಬಡೀಬೇಕಾ?"

"ನಾಲ್ಕಕ್ಕೂ ಬಡಿ. ಒಂದನ್ನೂ ಬಿಡಬೇಡ ಕಣೇ, ನಿನ್ನ ದಮ್ಮಯ್ಯ."

ಮೂರು ಗಂಟೆಗೆ ಸಾಹೇಬರು ಏದುಸಿರು ಬಿಡುತ್ತಾ ಮೂರು ಮಹಡಿ ಹತ್ತಿ ಬಂದರು. ಲಿಫ್ಟ್ ರಿಪೇರಿಯವನು ವಾಸವಿದ್ದ ಕಟ್ಟಡವಾದ್ದರಿಂದ ಅಲ್ಲಿನ ಲಿಫ್ಟ್ ಆರು ತಿಂಗಳಿಂದ ಕೆಟ್ಟಿತ್ತು. ಹಿಂದೆಯೇ ಬಾಟ್ಲಿಗಳ ಪೆಟ್ಟಿಗೆ ಹೊತ್ತ ಮೀಟರ್, ಅವನ ಹಿಂದೆ ಯಾರೂ ಕರೆಯದೆ ಬಂದ ಹಗ್ಗದ ಮಾವ. ಈ ಮಾವ ಗ್ರೀಸಪ್ಪನ ಹೆಂಡತಿಯ ಸೋದರಮಾವ. ಲಿಫ್ಟಿನ ಉಕ್ಕಿನ ಹಗ್ಗ ಪರೀಕ್ಷೆ ಮಾಡಿ ಮಾಡಿ ನಿವೃತ್ತರಾದವರು. ಸಾಹೇಬರನ್ನೂ ಸೇರಿಸಿ ಅಲ್ಲಿದ್ದ ಮೂವರಿಗೂ ಕೆಲಸ ಕಲಿಸಿದ ಗುರುಗಳು.

"ಮೇಡಂ, ಪೆಟ್ಟಿಗೆ ನಿಮ್ಮ ವಶ," ಎಂದು ಸಾಹೇಬರು ಗ್ರೀಸಪ್ಪನ ಹೆಂಡತಿಗೆ ಹೇಳಿದರು. "ಒಂದೊಂದಾಗಿ ಹಾಕಿಕೊಡಿ. ಪ್ರತಿ ಸುತ್ತು ಆದ್ಮೇಲೆ ಬಾಟ್ಲಿ ನನ್ನೊಬ್ಬನಿಗೇ ತೋರಿಸಿ. ತಳದಲ್ಲಿ ನನ್ನ ಗುರುತಿದೆ. ರೀ, ನೀವು ಅಡುಗೆಮನೆ ಕಡೆ ತಲೆನೂ ಹಾಕಬಾರದು." ಕೊನೆಯ ಮಾತು ಗ್ರೀಸಪ್ಪನಿಗೆ.

ಎಲ್ಲರೂ ಕೂತರು. ಬಿಸ್ಕತ್ತು, ಚೀಸು ಬಂತು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಗ್ರೀಸಪ್ಪನತ್ತ ಕಣ್ಣು ಬಿಟ್ಟು, ತಲೆ ಅಲ್ಲಾಡಿಸಿ, ಕೈ ತಿರುಗಿಸಿ ಏನೋ ಸನ್ನೆ ಮಾಡಿದಳು. ಮದುವೆಯಾದಾಗಿನಿಂದ ಅವಳು ಅವನನ್ನು ನೋಡಿ ತಲೆ ಅಲ್ಲಾಡಿಸುತ್ತಲೇ ಇದ್ದುದರಿಂದ ಅವನು ಅದಕ್ಕೆ ಬೆಲೆ ಕೊಡಲಿಲ್ಲ. ಅವಳು ನಿಟ್ಟುಸಿರು ಬಿಟ್ಟು ಒಳಗೆ ಹೋದಳು. ಬಹಳ ಹೊತ್ತಿನ ಮೇಲೆ ನಾಲ್ಕು ಲೋಟ ತಂದಿಟ್ಟು ಮತ್ತೆ ಮಾಯವಾದಳು.

ಒಳಗಿನಿಂದ ಕೇಳಿತು: ಠಣ್!

ಹಗ್ಗದ ಮಾವ ಥಟ್ಟನೆ ಎದ್ದು ನಿಂತರು. ಮೀಟರ್ ಅರ್ಧ ಎದ್ದ. ಸಾಹೇಬರ ಕೈಯಲ್ಲಿದ್ದ ಲೋಟ ತಂತಾನೇ ತಲೆಯ ಎತ್ತರಕ್ಕೆ ಹೋಯಿತು.

ಗ್ರೀಸಪ್ಪನಿಗೆ ಆಗ ಹೊಳೆಯಿತು. ಅಯ್ಯೋ ದೇವರೇ! ಲಿಫ್ಟಿನ ಗುಂಡಿಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ, ಕೂಗಿದರೆ ಮಾತು ಅರ್ಥವಾಗುವುದಿಲ್ಲ. ಹಾಗಾಗಿ ಕಂಬಿಗೆ ಸ್ಪ್ಯಾನರಿನಿಂದ ಬಡಿದು ಸುದ್ದಿ ಮುಟ್ಟಿಸುವುದು ಅವರ ಕಂಪನಿಯ ಪದ್ಧತಿ, ಫೋನ್ ಎತ್ತುವವರಿಗೆ ಮಾತ್ರ ಅದು ಗೊತ್ತಿಲ್ಲ. ಒಂದು ಬಡಿತ ಎಂದರೆ ಮೇಲಕ್ಕೆ. ಎರಡು, ಕೆಳಕ್ಕೆ. ಮೂರು, ಇದ್ದಲ್ಲೇ ನಿಲ್ಲು. ನಾಲ್ಕು ಬಡಿತವೆಂದರೆ ಪ್ರಾಣ ಹೋಗುತ್ತದೆ, ಎಲ್ಲರೂ ಹೊರಗೆ ಓಡಿ. 'ಸದ್ದು ಬಂದ್ರೆ ಮೊದಲು ಮಾಡು, ಆಮೇಲೆ ಯಾಕೆ ಅಂತ ಕೇಳು' ಎಂಬುದು ಹಗ್ಗದ ಮಾವ ಪ್ರತಿಯೊಬ್ಬರಿಗೂ ಕಲಿಸಿದ ಮೊದಲ ಪಾಠ. ಹನ್ನೆರಡು ವರ್ಷ ಅದರಿಂದಲೇ ಜೀವ ಉಳಿಸಿಕೊಂಡ ಗ್ರೀಸಪ್ಪನಿಗೆ ಬೆಳಿಗ್ಗೆ ಅದು ನೆನಪೇ ಆಗಿರಲಿಲ್ಲ.

"ಯಾಕೆ ಎದ್ದೆ ನಾನು?" ಎಂದು ಮಾವ ತಮ್ಮನ್ನು ತಾವೇ ಕೇಳಿಕೊಂಡರು.

"ಗೌರವಕ್ಕೆ ಮಾವ! ಒಳ್ಳೇ ವೈನಿಗೆ ಎದ್ದು ನಿಲ್ಲೋದು ಅಲ್ಲಿಯ ಪದ್ಧತಿ," ಎಂದು ಗ್ರೀಸಪ್ಪ ತಾನೂ ಎದ್ದ. ಸಾಹೇಬರು ಮೆಚ್ಚುಗೆಯಿಂದ ತಲೆದೂಗಿ ತಾವೂ ಎದ್ದು ನಿಂತರು.

ಗ್ರೀಸಪ್ಪ ಲೋಟ ತಿರುಗಿಸಿದ, ಮೂಸಿದ, ಕಣ್ಣು ಮುಚ್ಚಿ ಒಂದು ಗುಟುಕು ಹೀರಿದ. ಹುಳಿ ನೆತ್ತಿಗೇರಿತು. "ಆಹಾ! ಹೊರಡುವಾಗ ಸಣ್ಣದೊಂದು ಜರ್ಕ್ ಇದೆ ಸಾರ್. ಆಮೇಲೆ ನಯವಾಗಿ ಇಳಿಯುತ್ತೆ. ಕೆಳಗೆ ಹೋಗಿ ನಿಂತು ಬಾಗಿಲು ಮೆತ್ತಗೆ ತೆರೆದ ಹಾಗೆ. ಬೋರ್ಡೋ!"

ಮೀಟರ್ ತನ್ನ ಮೀಟರಿನ ಎರಡು ಕಡ್ಡಿಗಳನ್ನೂ ಲೋಟದೊಳಗೆ ಅದ್ದಿದ. "ಕರೆಂಟ್ ಪಾಸಾಗ್ತಿದೆ ಸಾರ್. ರೋನ್ ಇರಬೇಕು."

ಸಾಹೇಬರು ಅಡುಗೆಮನೆಗೆ ಹೋಗಿ ಬಾಟ್ಲಿಯ ತಳ ನೋಡಿ ಬಂದರು. "ಬೋರ್ಡೋನೇ! ಭೇಷ್ ಕಣ್ರೀ!"

ಗ್ರೀಸಪ್ಪ ಉಬ್ಬಿದರೂ ಮುಂದಿನ ಲೆಕ್ಕ ಹಾಕುತ್ತಿದ್ದ. ನಾಲ್ಕು ಬಡಿತ ಬಂದರೆ ಗತಿಯೇನು? ಹೆಂಡತಿಯನ್ನು ತಡೆಯಬೇಕು. "ಸಾರ್, ಸ್ವಲ್ಪ ನೀರು ತರ್ತೀನಿ," ಎಂದು ಎದ್ದ.

"ಕೂತ್ಕೊಳ್ರೀ. ಆ ಕಡೆ ಹೋಗೋ ಹಾಗಿಲ್ಲ ಅಂದೆನಲ್ಲ. ಮೀಟರ್, ನೀನು ತಂದುಕೊಡು."

ಎರಡನೇ ಸುತ್ತು ಬಂತು. ಎಲ್ಲರೂ ಬಾಯಿಗೆ ಸುರಿದುಕೊಳ್ಳುತ್ತಿರುವಾಗಲೇ ಠಣ್, ಠಣ್, ಠಣ್.

ಮೂವರೂ ಇದ್ದ ಹಾಗೇ ನಿಂತುಬಿಟ್ಟರು. ಮೀಟರಿನ ಕೆನ್ನೆ ಬಲೂನಿನ ಹಾಗೆ ಉಬ್ಬಿತ್ತು. ಮಾವ ಬಾಯಿ ತುಂಬ ವೈನು ಇಟ್ಟುಕೊಂಡು ನುಂಗದೆ ಮೇಲೆ ನೋಡುತ್ತಿದ್ದರು. ಸಾಹೇಬರ ತುಟಿಯ ಮೂಲೆಯಿಂದ ಒಂದು ಕೆಂಪು ಹನಿ ಇಳಿದು ಅವರ ಬಿಳಿ ಅಂಗಿಯ ಮೇಲೆ ಬಿತ್ತು. ಆದರೂ ಅವರು ಕದಲಲಿಲ್ಲ.

"ಬೋಜೊಲೆ!" ಎಂದು ಗ್ರೀಸಪ್ಪ ಕಿರುಚಿದ. "ನೋಡಿ ಸಾರ್, ಹೀಗೇ! ನುಂಗದೆ ಬಾಯಲ್ಲೇ ಇಟ್ಕೋಬೇಕು. ನೀವೆಲ್ಲ ಹೇಳಿಕೊಡದೇನೇ ಸರಿಯಾಗಿ ಮಾಡ್ತಿದ್ದೀರಿ!"

ಅದೂ ಸರಿಯಾಯಿತು. ಸಾಹೇಬರಿಗೆ ಖುಷಿಯೋ ಖುಷಿ. ಮೀಟರ್ ಹುಳ್ಳಗೆ ಮುಖ ಮಾಡಿಕೊಂಡು ಬಿಸ್ಕತ್ತು ಮುರಿಯುತ್ತಾ ಕೂತ. ಹಗ್ಗದ ಮಾವ ಅಳಿಯನ ಬೆನ್ನು ತಟ್ಟಿ, "ಇಂಥ ಪ್ರತಿಭೆ ಇಟ್ಕೊಂಡು ಗುಂಡೀಲಿ ಕೊಳೀತಿದ್ಯಲ್ಲೋ," ಎಂದು ಕಣ್ಣೊರೆಸಿಕೊಂಡರು. ಅವರು ತಮ್ಮ ಲೋಟದ ಜೊತೆ ಮೀಟರಿನ ಲೋಟವನ್ನೂ ಮುಗಿಸಿದ್ದರು.

ಮೂರನೇ ಸುತ್ತಿನ ಲೋಟ ಬರುತ್ತಿದ್ದ ಹಾಗೇ ಪಕ್ಕದ ಮನೆ ಟೀಚರಮ್ಮ ಬಂದರು. ಅವರಿಗೆ ಕದ ತಟ್ಟುವ ಅಭ್ಯಾಸವಿರಲಿಲ್ಲ, ಹಿಂಬಾಗಿಲಿನಿಂದ ನೇರ ಅಡುಗೆಮನೆಗೇ ಬರುವವರು. ಹೊರಗೆ ಕೂತವರಿಗೆ ಅವರ ದನಿ ಕೇಳಿತು.

"ಏನಮ್ಮಾ, ಆಗ್ಲಿಂದ ಪಾತ್ರೆ ಬಡೀತಿದೀಯ? ಸೊಟ್ಟಗಾಗಿದೆಯಾ? ಹಾಗಲ್ಲ ಬಡಿಯೋದು. ಕೊಡಿಲ್ಲಿ!"

ಆಮೇಲೆ ಶುರುವಾಯಿತು ನೋಡಿ. ಠಣ್ ಠಣ್. ಠಣ್. ಠಣ್ ಠಣ್ ಠಣ್. ಠಣ್. ಹಗ್ಗದ ಮಾವ ಕೂತರು, ಎದ್ದರು, ಕಲ್ಲಾದರು, ಮತ್ತೆ ಎದ್ದರು. ಮೀಟರ್ ಮೇಲೆ ಕೆಳಗೆ ಆಡುತ್ತಾ ಸೋಫಾದ ಸ್ಪ್ರಿಂಗ್ ಮುರಿದ. ಸಾಹೇಬರು ಲೋಟವನ್ನು ಏರಿಸಿ ಇಳಿಸಿ, "ಇದೇನ್ರೀ, ಇದೂ ಪದ್ಧತೀನಾ?" ಎಂದು ಕೇಳಿದರು.

ಬಡಿತ ನಿಲ್ಲದೆ ಬರುತ್ತಲೇ ಇತ್ತು, ಗ್ರೀಸಪ್ಪ ಎಣಿಸುತ್ತಿದ್ದ. ಹದಿನೇಳು! ಹದಿನೇಳನೇ ಮಹಡಿಯಲ್ಲಿ ಯಾವ ವೈನೂ ಇರಲಿಲ್ಲ. "ಸಾರ್, ಇದು... ಇದು ಸ್ವಲ್ಪ ಎತ್ತರದ್ದು..." ಎಂದು ತೊದಲಿದ.

ಅಷ್ಟರಲ್ಲಿ ಒಳಗಿನಿಂದ ಹೆಂಡತಿಯ ದನಿ ಗಟ್ಟಿಯಾಗಿ ಕೇಳಿತು. "ಟೀಚರಮ್ಮಾ, ಸಾಕು ಬಿಡಿ! ಎರಡೇ ಎರಡು ಸಾಕಿತ್ತು! ಎರಡು ಅಂದ್ರೆ ಎರಡು! ಕೇಳಿಸ್ತಾ?"

"ಕೇಳಿಸ್ತು!" ಎಂದು ಗ್ರೀಸಪ್ಪ ಎದ್ದೇ ನಿಂತ. "ಅಂದ್ರೆ, ನಾಲಿಗೆಗೆ ಕೇಳಿಸ್ತು ಸಾರ್. ಬರ್ಗಂಡಿ!"

ಸಾಹೇಬರು ಹೋಗಿ ನೋಡಿ ಬಂದು ಅವನ ಎರಡೂ ಕೈ ಹಿಡಿದುಕೊಂಡರು. "ಇನ್ನೊಂದು ಕಣ್ರೀ, ಇನ್ನೊಂದೇ ಒಂದು. ಪಾಸ್‌ಪೋರ್ಟಿಗೆ ಫೋಟೋ ತೆಗೆಸಿಟ್ಟುಕೊಳ್ಳಿ."

ಗ್ರೀಸಪ್ಪನಿಗೆ ಉಸಿರು ನೆಟ್ಟಗಾಯಿತು. ಉಳಿದದ್ದು ರೋನ್ ಒಂದೇ. ಅದನ್ನು ಹೇಳಲು ನಾಲಿಗೆಯೂ ಬೇಡ, ಹೆಂಡತಿಯೂ ಬೇಡ. ಒಂದು ಕ್ಷಣ ಅವನು ವಿಮಾನದ ಕಿಟಕಿಯ ಪಕ್ಕ ಕೂತಂತೆಯೇ ಆಯಿತು. ನಾಲ್ಕನೇ ಲೋಟ ಬಂತು. ಗಂಭೀರವಾಗಿ ಹೀರಿ, ಕಾಲ ಮೇಲೆ ಕಾಲು ಹಾಕಿ, ಗಂಟಲು ಸರಿಮಾಡಿಕೊಂಡು ಬಾಯಿ ತೆರೆದ.

ಠಣ್! ಠಣ್! ಠಣ್! ಠಣ್!

"ಹೊರಗೆ! ಎಲ್ಲಾ ಹೊರಗೆ!" ಹಗ್ಗದ ಮಾವನ ಕೂಗಿಗೆ ಗೋಡೆ ನಡುಗಿತು. ಮೀಟರ್ ಮೇಜು ಹಾರಿದ. ಸಾಹೇಬರು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಬಾಗಿಲು ದಾಟಿದರು. ಎಲ್ಲರಿಗಿಂತ ಮುಂದೆ ಓಡಿದವನು ಯಾರು ಅಂತೀರಿ? ನಮ್ಮ ಗ್ರೀಸಪ್ಪನೇ. ಹನ್ನೆರಡು ವರ್ಷ ಪಳಗಿದ ಕಾಲು ಯಜಮಾನನ ಮಾತು ಕೇಳಲಿಲ್ಲ. ಮೂರು ಮಹಡಿಯ ಮೆಟ್ಟಿಲನ್ನು ಎರಡೆರಡಾಗಿ ಇಳಿದು, ನಾಲ್ವರೂ ಬೀದಿಯಲ್ಲಿ ಲೋಟ ಹಿಡಿದು ನಿಂತರು. ಹಿಂದೆಯೇ ಟೀಚರಮ್ಮ, "ಬೆಂಕಿನಾ? ಎಲ್ಲಿ ಬೆಂಕಿ?" ಎಂದು ಪಾತ್ರೆ ಹಿಡಿದು ಬಂದರು.

ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಸಾಹೇಬರು ಉಸಿರು ತಿರುಗಿದ ಮೇಲೆ ಕೇಳಿದರು: "ಯಾಕೆ ಓಡಿದ್ವಿ?"

"ನಾಲ್ಕು ಬಡಿತ," ಎಂದರು ಮಾವ.

"ಇಲ್ಲಿ ಗುಂಡಿ ಎಲ್ಲಿದೆ?"

ಸಾಹೇಬರು ಬೆರಳು ಮಡಿಸತೊಡಗಿದರು. "ಬೋರ್ಡೋಗೆ ಒಂದು. ಬೋಜೊಲೆಗೆ ಮೂರು. ಆಮೇಲೆ ಗಲಾಟೆ, ಅದಾದ್ಮೇಲೆ 'ಎರಡು ಅಂದ್ರೆ ಎರಡು'. ಈಗ ನಾಲ್ಕು." ನಿಧಾನವಾಗಿ ತಲೆಯೆತ್ತಿ ಗ್ರೀಸಪ್ಪನನ್ನು ನೋಡಿದರು. ಗ್ರೀಸಪ್ಪ ತನ್ನ ಲೋಟದೊಳಗೆ ನೋಡಿದ. ಬೀದಿಯೇ ಬಾಯಿ ತೆರೆದು ತನ್ನನ್ನು ನುಂಗಬಾರದೇ ಎನ್ನಿಸಿತು ಅವನಿಗೆ.

"ಅಲ್ಲಾ ಕಣ್ರೀ," ಎಂದರು ಸಾಹೇಬರು, ಸಿಟ್ಟಿಗಿಂತ ಹೆಚ್ಚು ಆಶ್ಚರ್ಯದಿಂದ. "ಕೊನೇದಕ್ಕೆ ಬಡಿಯೋ ಅಗತ್ಯನೇ ಇರಲಿಲ್ವಲ್ಲ! ಉಳಿದಿದ್ದೇ ಒಂದು!"

"ನಾನೇ ಹೇಳಿದ್ದೆ ಸಾರ್," ಎಂದ ಗ್ರೀಸಪ್ಪ ಅಳುವ ದನಿಯಲ್ಲಿ. "ಒಂದನ್ನೂ ಬಿಡಬೇಡ ಅಂತ."

ಎಲ್ಲರೂ ಮತ್ತೆ ಮೆಟ್ಟಿಲು ಹತ್ತಿದರು, ಹಲ್ಲು ಕಿರಿಯುತ್ತಾ ಹತ್ತಿದವನು ಮೀಟರ್ ಒಬ್ಬನೇ. ಈಗ ಫ್ರಾನ್ಸ್ ಅವನದೇ ತಾನೆ. ಮೇಲೆ ಬಾಗಿಲಲ್ಲಿ ಗ್ರೀಸಪ್ಪನ ಹೆಂಡತಿ ನಿಂತಿದ್ದಳು. "ಯಾಕ್ರೀ ಎಲ್ಲರೂ ಓಡಿದ್ರಿ? ಸರಿಯಾಗೇ ಬಡಿದೆನಲ್ಲ!"

"ಮೇಡಂ," ಎಂದು ಸಾಹೇಬರು ಸೋಫಾದ ಮುರಿಯದ ಭಾಗ ಹುಡುಕಿ ಕೂತರು. "ನನಗೆಲ್ಲ ಗೊತ್ತಾಯ್ತು. ಒಂದು ಮಾತ್ರ ಗೊತ್ತಾಗಲಿಲ್ಲ. ಯಾವುದು ಯಾವ ವೈನ್ ಅಂತ ನಿಮಗೆ ಹೇಗೆ ತಿಳೀತು?"

"ಲೇಬಲ್ ನೋಡಿ ಸಾರ್," ಎಂದ ಗ್ರೀಸಪ್ಪ. "ತಪ್ಪು ನಂದೇ. ಅವಳನ್ನ ಬೈಬೇಡಿ."

"ಎಲ್ಲಿಯ ಲೇಬಲ್ರೀ?" ಎಂದರು ಸಾಹೇಬರು. "ನಿಮ್ಮ ಬುದ್ಧಿ ನನಗೆ ಗೊತ್ತಿಲ್ವಾ? ನಿನ್ನೆನೇ ಬಿಸಿನೀರಲ್ಲಿ ನೆನೆಸಿ ನಾಲ್ಕನ್ನೂ ಕಿತ್ತುಹಾಕಿದೀನಿ. ತಳದ ಗುರುತು ನನಗೆ ಬಿಟ್ರೆ ಇನ್ನೊಬ್ಬರಿಗೆ ಅರ್ಥವಾಗಲ್ಲ."

ಗ್ರೀಸಪ್ಪ ಹೆಂಡತಿಯ ಕಡೆ ತಿರುಗಿದ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಕಾಗದ ಬಿಚ್ಚಿದ್ರೆ ಬೋಳು ಬಾಟ್ಲಿ ಸಾರ್. ಇವರಿಗೆ ಎಷ್ಟು ಸನ್ನೆ ಮಾಡಿದ್ರೂ ನೋಡಲಿಲ್ಲ. ಏನ್ ಮಾಡೋದು ಅಂತ ಪೆಟ್ಟಿಗೆ ತಡಕಾಡಿದೆ. ತಳದಲ್ಲೊಂದು ಕಾರ್ಡಿತ್ತು, ಯಾವುದರ ವಾಸನೆ ಹೇಗಿರುತ್ತೆ ಅಂತ ಬರೆದಿತ್ತು. ನಾಲ್ಕರಿಂದಲೂ ಒಂದೊಂದು ಚಮಚ ಬಾಯಿಗೆ ಹಾಕ್ಕೊಂಡು ನೋಡಿದೆ. ಪೆನ್ಸಿಲ್ ಹೆರೆದ ಹಾಗಿದ್ದಿದ್ದು ಬೋರ್ಡೋ. ಬಾಳೆಹಣ್ಣಿನದು ಬೋಜೊಲೆ. ಒದ್ದೆ ಎಲೆ ಥರದ್ದು ಬರ್ಗಂಡಿ. ಕಾಳುಮೆಣಸು ಘಾಟು ಬಂದಿದ್ದು ರೋನ್. ತಪ್ಪಾಯ್ತು ಸಾರ್."

ಸಾಹೇಬರು ಬಾಯಿ ತೆರೆದವರು ಮುಚ್ಚಲಿಲ್ಲ. "ಮುಂಚೆ ಎಲ್ಲಾದ್ರೂ ವೈನ್ ಕುಡಿದಿದ್ರಾ ಮೇಡಂ?"

"ಇಲ್ಲಪ್ಪ! ಆದ್ರೆ ಹನ್ನೆರಡು ವರ್ಷದಿಂದ ಇವರ ಬಟ್ಟೆ ನೆನೆಹಾಕ್ತಿದೀನಿ ಸಾರ್. ಆಸ್ಪತ್ರೆ ಲಿಫ್ಟಿನ ಗ್ರೀಸೇ ಬೇರೆ, ಗೋದಾಮಿನ ಲಿಫ್ಟಿನ ಗ್ರೀಸೇ ಬೇರೆ. ಇವರು ಬಾಗಿಲಿಗೆ ಬರ್ತಿದ್ದ ಹಾಗೇ ಇವತ್ತು ಎಲ್ಲೆಲ್ಲಿಗೆ ಹೋಗಿದ್ರು, ಎಲ್ಲಿಗೆ ಹೋಗಲಿಲ್ಲ ಅಂತ ಗೊತ್ತಾಗಿಬಿಡುತ್ತೆ."

ಸಾಹೇಬರು ಎದ್ದು ನಿಂತರು. ಈ ಸಲ ಯಾರೂ ಬಡಿದಿರಲಿಲ್ಲ. "ಮೇಡಂ, ಆ ಹೊಸ ಯಂತ್ರ ಬಂದ್ಮೇಲೆ ಯಾರ ಮೇಜಿನ ಮೇಲೆ ಇಡೋದು?"

"ದೂರು ಬರೋದು ನನ್ನ ಮೇಜಿಗೆ ತಾನೆ ಸಾರ್."

"ಮತ್ತೆ ಅದನ್ನ ಕಲಿಯೋಕೆ ಗುಂಡಿಯೋರನ್ನ ಯಾಕೆ ಕಳಿಸಬೇಕು ಅಂತ ನನ್ನ ಮಂಡೆಗೆ ಇಷ್ಟು ದಿನ ಹೊಳೀಲೇ ಇಲ್ವಲ್ಲ! ಫ್ರಾನ್ಸಿಗೆ ನೀವೇ ಹೋಗ್ತಿದ್ದೀರಿ. ಮುಂದಿನ ತಿಂಗಳು."

ಮೀಟರಿನ ಹಲ್ಲು ಒಳಗೆ ಹೋಯಿತು. ಹಗ್ಗದ ಮಾವ, "ನನ್ನ ತಂಗಿ ಮಗಳು!" ಎಂದು ಸೋಫಾ ಹಿಡಿದುಕೊಂಡು ಅತ್ತರು. ಟೀಚರಮ್ಮ ಅವಳ ಕೆನ್ನೆ ಹಿಂಡಿದರು. ಗ್ರೀಸಪ್ಪನಿಗೆ ಹೆಮ್ಮೆಯೂ ಆಯಿತು, ಹೊಟ್ಟೆಯೂ ಉರಿಯಿತು. ಎರಡರಲ್ಲಿ ಯಾವುದು ಹೆಚ್ಚೆಂದು ಅವನಿಗೇ ತಿಳಿಯಲಿಲ್ಲ. ಕೊನೆಯ ಆಸೆಯಿಂದ ಮೆಲ್ಲನೆ ಕೇಳಿದ: "ಸಾರ್, ಅವಳೊಬ್ಳೇ ಅಷ್ಟು ದೂರ... ಜೊತೆಗೆ ಗಂಡನೂ ಹೋಗಬಹುದಲ್ವಾ?"

"ನೀವು ಹೋದ್ರೆ ಮೂರು ತಿಂಗಳು ಮೇಡಂ ಬದಲು ಫೋನ್ ಎತ್ತೋರು ಯಾರ್ರೀ? ನಾಳೆಯಿಂದ ಅವರ ಪಕ್ಕ ಕೂತು ಕಲ್ತುಕೊಳ್ಳಿ."

"ಹಾಗಾದ್ರೆ ಗುಂಡಿಗೆ ಯಾರು ಸಾರ್?"

"ಅದಕ್ಕೂ ನೀವೇ. ಸಿಕ್ಕಿಬಿದ್ದೋರಿಗೆ ಫೋನಲ್ಲಿ 'ನಮ್ಮೋರು ಬಂದೇಬಿಟ್ರು' ಅಂತ ಹೇಳಿ, ಇಟ್ಟು, ಓಡಿ."

ಅಷ್ಟರಲ್ಲಿ ಹೆಂಡತಿ ಗ್ರೀಸಪ್ಪನ ಹತ್ತಿರ ಬಂದು, ಎಷ್ಟೋ ವರ್ಷದಿಂದ ಕೇಳದಿದ್ದ ಮೃದು ದನಿಯಲ್ಲಿ, "ರೀ," ಎಂದಳು.

"ಏನೇ?" ಎಂದ, ಸಮಾಧಾನ ಹೇಳುತ್ತಾಳೆಂದು ನಂಬಿ.

"ಅಟ್ಟದ ಮೇಲಿರೋ ಸೂಟ್‌ಕೇಸ್ ಇಳಿಸಿಕೊಡಿ. ಇನ್ನೂ ಬಿಸಿಲಿದೆ, ಧೂಳು ಹೊಡೆದು ಒಣಗೋಕೆ ಇಡ್ತೀನಿ."

ಗ್ರೀಸಪ್ಪ ಸ್ಟೂಲು ಹತ್ತಿದ. ಮೀಟರ್ ಬಂದು ಸ್ಟೂಲು ಹಿಡಿದುಕೊಂಡ. ಅಟ್ಟದ ಕತ್ತಲೆಯೊಳಗೆ ತಲೆ ತೂರಿಸಿ ಗ್ರೀಸಪ್ಪ ಕೇಳಿದ: "ದೊಡ್ಡದಾ, ಚಿಕ್ಕದಾ?"

"ದೊಡ್ಡದೇ ಇಳಿಸಿ," ಎಂದರು ಸಾಹೇಬರು ಕೆಳಗಿನಿಂದ. "ಬರುವಾಗ ನಾಲ್ಕು ಬಾಟ್ಲಿ ತರಬೇಕಲ್ಲ."